ನಲ್ಲಿ ಬಿಟ್ಟ ಸದ್ದು

ಇವತ್ತು ಬೆಳಿಗ್ಗೆ ನಮ್ಮ ಬಾತ್‌ರೂಮಿನ ನಲ್ಲಿ ರಿಪೇರಿ ಮಾಡಲು ಅಪಾರ್ಟ್‌ಮೆಂಟಿನ ಪ್ಲಂಬರ್ ಬಂದಿದ್ದ. ನಲ್ಲಿಯ ತಲೆ ಬಿಚ್ಚಿ, ಒಳಗಿನಿಂದ ಸವೆದು ತೆಳ್ಳಗಾದ ಒಂದು ರಬ್ಬರ್ ವಾಷರನ್ನು ಇಕ್ಕಳದಲ್ಲಿ ಹಿಡಿದು, ಹಲ್ಲಿನ ಡಾಕ್ಟರು ಕಿತ್ತ ಹಲ್ಲು ತೋರಿಸುವ ಹಾಗೆ ನನ್ನ ಮುಖದ ಮುಂದೆ ಆಡಿಸಿದ. ‘ಈ ಸನ್ನಿವೇಲಿನಲ್ಲಿ ಇಷ್ಟು ಸವೆದ ವಾಷರು ನಾನು ಎರಡೇ ನೋಡಿರೋದು. ಇನ್ನೊಂದು ನಿಮ್ಮ ಎದುರು ಮನೆಯದು. ಅವರು ಖಾಲಿ ಮಾಡ್ತಿದ್ದಾರಲ್ಲ, ನಿನ್ನೆ ಬದಲಾಯಿಸಿದೆ. ಎರಡು ಮನೆಯವರೂ ಬಾತ್‌ರೂಮಿನಲ್ಲಿ ಭತ್ತ ಬೆಳೀತೀರಾ?’ ಅಂತ ಅವನ ಇಂಗ್ಲಿಷಿನಲ್ಲಿ ಕೇಳಿ ತಾನೇ ನಕ್ಕ.

ನಾನು ‘ಇಲ್ಲಿಯ ನೀರೇ ಸರಿಯಿಲ್ಲ’ ಅಂತ ಹೇಳಿ ಕಳಿಸಿದೆ. ನಿಜ ಹೇಳಬೇಕೆಂದರೆ ಆ ವಾಷರನ್ನು ಸವೆಸಿದ್ದು ಗದಗಿನ ಒಬ್ಬ ಮುದುಕ. ಆತ ನಮ್ಮ ನಲ್ಲಿಯನ್ನು ಒಂದು ಸಲವೂ ಮುಟ್ಟಿರಲಿಲ್ಲ. ಇದನ್ನೆಲ್ಲ ಪ್ಲಂಬರಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವುದಕ್ಕಿಂತ ನಿಮಗೆ ಕನ್ನಡದಲ್ಲಿ ಹೇಳುವುದು ಸುಲಭ. ನನ್ನ ಕನ್ನಡದ ಬಗ್ಗೆ ನಿಮಗೆ ಅನುಮಾನ ಬೇಡ. ಎಂಟನೇ ವಯಸ್ಸಿಗೆ ಮಂಡ್ಯದಿಂದ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಈ ಸನ್ನಿವೇಲ್ ಊರಿಗೆ ಬಂದವಳು ನಾನು. ಇಲ್ಲಿಯ ಕನ್ನಡ ಭಾಷಣ ಸ್ಪರ್ಧೆಯಲ್ಲಿ ಪ್ರತಿ ವರ್ಷ ನನಗೇ ಮೊದಲ ಬಹುಮಾನ. ಸ್ಪರ್ಧೆಗೆ ಬರುತ್ತಿದ್ದವರು ಇಬ್ಬರೇ, ಇನ್ನೊಬ್ಬಳು ಇನ್ನೂ ಡೇಕೇರಿನ ಮಗು, ಮೈಕು ಕಂಡರೆ ಅಳುತ್ತಿದ್ದಳು ಅನ್ನುವುದೆಲ್ಲ ಇಲ್ಲಿ ಅಪ್ರಸ್ತುತ.

ಎದುರು ಮನೆ ರಫೀಕ್ ಅಂಕಲ್ಲರದು. ಅವರ ಮಗಳು ಸನಾ ನನ್ನ ಕ್ಲಾಸು. ರಫೀಕ್ ಅಂಕಲ್ ಇಂಟರ್‌ನೆಟ್ಟಿನಲ್ಲಿ ಕಿಟಕಿ ಪರದೆ ಮಾರುವ ಒಂದು ಕಂಪನಿಯಲ್ಲಿದ್ದರು. ಆ ಕಂಪನಿ ಎಷ್ಟು ಪರದೆ ಮಾರಿತೋ ಗೊತ್ತಿಲ್ಲ, ಟೀ ಶರ್ಟು ಮಾತ್ರ ಧಾರಾಳವಾಗಿ ಹಂಚಿತು. ನಮ್ಮ ಕಾಂಪ್ಲೆಕ್ಸಿನ ಮಕ್ಕಳೆಲ್ಲ ಅದನ್ನೇ ತೊಟ್ಟು ಓಡಾಡುತ್ತಿದ್ದುದರಿಂದ, ಹೊರಗಿನವರು ನಮ್ಮನ್ನು ಯಾವುದೋ ಅನಾಥಾಶ್ರಮದವರು ಅಂದುಕೊಂಡಿದ್ದರೆ ತಪ್ಪಿಲ್ಲ. ನಮ್ಮಪ್ಪ ಮಾತ್ರ ಗಂಭೀರ ಮನುಷ್ಯ. ಎರಡು ಸಾವಿರನೇ ಇಸವಿ ಬಂದ ಕೂಡಲೇ ಜಗತ್ತಿನ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಕೈಕಾಲು ಬಿಡುತ್ತವೆ ಅಂತ ಆಗ ಎಲ್ಲರೂ ಹೆದರಿದ್ದರಲ್ಲ, ಅದನ್ನು ತಡೆಯುವ ಕೆಲಸ ಅಪ್ಪನದು. ಜಗತ್ತು ಉಳಿಯಿತು. ಅದು ಅಪ್ಪನಿಂದಲೇ ಉಳಿದದ್ದು ಅಂತ ಅಪ್ಪನ ನಂಬಿಕೆ, ನಾವು ಅಡ್ಡಿ ಮಾಡಲು ಹೋಗಿಲ್ಲ.

ಇಬ್ಬರ ಆಫೀಸೂ ಅಕ್ಕಪಕ್ಕ. ಒಂದೇ ಕಾರಿನಲ್ಲಿ ಇಬ್ಬರಿದ್ದರೆ ಫ್ರೀವೇಯಲ್ಲಿ ಕಾರ್‌ಪೂಲ್ ಲೇನಿನಲ್ಲಿ ಹೋಗಬಹುದು. ಉಳಿದವರೆಲ್ಲ ಪಕ್ಕದಲ್ಲಿ ತೆವಳುತ್ತಿರುವಾಗ ನಮ್ಮಪ್ಪ ಮತ್ತು ರಫೀಕ್ ಅಂಕಲ್ ಮೈಸೂರು ಮಹಾರಾಜರ ಹಾಗೆ ಸವಾರಿ ಹೋಗುತ್ತಿದ್ದರು. ಹೋಗುವಾಗ ಮಂಡ್ಯದ ಮುದ್ದೆ ದೊಡ್ಡದೋ ಗದಗಿನ ರೊಟ್ಟಿ ದೊಡ್ಡದೋ ಅಂತ ಜಗಳ. ಬರುವಾಗ ಅದೇ ಜಗಳದ ಮುಂದುವರಿದ ಭಾಗ.

ಅದಕ್ಕೂ ಹಿಂದಿನ ವರ್ಷ, ತೊಂಬತ್ತೊಂಬತ್ತರ ಮಾರ್ಚಿನಲ್ಲಿ ಗದಗಿನಿಂದ ರಫೀಕ್ ಅಂಕಲ್ಲರ ಅಪ್ಪ ಇಮಾಮಸಾಬ ಅಜ್ಜ ಬಂದ. ರೈಲಿನ ಗಾರ್ಡಾಗಿ ರಿಟೈರಾದ ಮನುಷ್ಯ. ಬಿಳಿ ಪೈಜಾಮ, ಬಿಳಿ ಟೋಪಿ, ಕಾಲಿಗೆ ಮಗ ತೆಗೆಸಿಕೊಟ್ಟ ದೊಡ್ಡ ಬಿಳಿ ಸ್ನೀಕರು. ದೂರದಿಂದ ನೋಡಿದರೆ ಎರಡು ದೋಣಿಯ ಮೇಲೆ ಒಂದು ದೀಪಸ್ತಂಭ ತೇಲಿ ಬಂದ ಹಾಗೆ. ಸಂಜೆ ನನ್ನನ್ನೂ ಸನಾಳನ್ನೂ ಕರೆದುಕೊಂಡು ಸ್ಟೇಷನ್ನಿಗೆ ಹೋಗಿ, ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ರೈಲು ಹೊರಡುವಾಗ ಅದರ ಗಾರ್ಡಿಗೆ ಕೈ ಎತ್ತುತ್ತಿದ್ದ. ಆ ಗಾರ್ಡ್ ಮೊದಮೊದಲು ಈ ಮುದುಕ ರೈಲು ನಿಲ್ಲಿಸುತ್ತಿದ್ದಾನೆ ಅಂದುಕೊಂಡು ಗಾಬರಿಯಾಗುತ್ತಿದ್ದ.

‘ಅವ್ನು ಕೈ ಎತ್ತಲಿಲ್ಲ ಅಜ್ಜ, ಲೂಸರ್’ ಅಂತ ನಾನಂದರೆ, ‘ಎತ್ತಲಿಲ್ಲಂದ್ರ ಬಿಡವ್ವಾ. ಎತ್ತೂದು ನನ್ನ ಡ್ಯೂಟಿ, ಅವಂದು ಅವಗ’ ಅನ್ನುತ್ತಿದ್ದ. ಒಂದು ತಿಂಗಳಾಗುವಷ್ಟರಲ್ಲಿ ಆ ಗಾರ್ಡ್ ಬಾಗಿಲಿನಿಂದ ಅರ್ಧ ಮೈ ಹೊರಗೆ ಹಾಕಿ ಕೈ ಬೀಸತೊಡಗಿದ.

ಎಲ್ಲ ಚೆನ್ನಾಗಿತ್ತು ಅಂತ ಬರೆಯುವಾಗಲೇ ಕೈ ನಿಧಾನವಾಗುತ್ತದೆ. ಆ ಬೇಸಿಗೆಯಲ್ಲಿ ನಮ್ಮ ದೇಶದ ಗಡಿಯ ಬೆಟ್ಟಗಳ ಮೇಲೆ ಯುದ್ಧ ನಡೆಯುತ್ತಿತ್ತು. ಇಲ್ಲಿ ಗಂಡಸರೆಲ್ಲ ಕಂಪ್ಯೂಟರಿನ ಮುಂದೆ ಕೂತು, ಮೋಡೆಮ್ಮಿನ ಕಿರುಚಾಟ ಮುಗಿಯುವವರೆಗೆ ಕಾದು, ಸುದ್ದಿ ಓದಿ, ಓದಿದ್ದಕ್ಕಿಂತ ಜಾಸ್ತಿ ಹೇಳುತ್ತಿದ್ದರು. ಒಂದು ಭಾನುವಾರ ನಮ್ಮ ಮನೆಯಲ್ಲಿ ಊಟ. ನಾಲ್ಕಾರು ಮನೆಯವರು ಕೂಡಿದ್ದರು. ಮಾತು ಯುದ್ಧದ ಕಡೆಗೆ ಹೋಯಿತು, ಜೋರಾಯಿತು, ಎಲ್ಲರೂ ಸೋಫಾದ ಮೇಲೆ ಕೂತೇ ಬೆಟ್ಟ ಹತ್ತಿಬಿಟ್ಟರು. ರಫೀಕ್ ಅಂಕಲ್ ತಟ್ಟೆ ಹಿಡಿದು ಟೀವಿಯ ಪಕ್ಕ ನಿಂತಿದ್ದರು. ಅಪ್ಪ ಅವರ ಕಡೆ ತಿರುಗಿ ನಗುನಗುತ್ತಾ ಕೇಳಿದ:

‘ಅಲ್ಲ ರಫೀಕು, ನಿಜ ಹೇಳ್ಬುಡು. ಒಳಗೊಳಗೆ ನೀನು ಯಾವ ಕಡೆ?’

ಒಬ್ಬರೋ ಇಬ್ಬರೋ ನಕ್ಕರು. ಉಳಿದವರು ಉಪ್ಪಿನಕಾಯಿ ನೋಡಿದರು.

‘ಏನಂದ್ರಿ?’ ಅಂದರು ರಫೀಕ್ ಅಂಕಲ್.

ಆಗಲೂ ಸಮಯವಿತ್ತು. ಅಪ್ಪ ಬೇರೇನಾದರೂ ಹೇಳಬಹುದಿತ್ತು, ಕೆಮ್ಮಬಹುದಿತ್ತು, ಸಾರು ಚೆಲ್ಲಿಕೊಳ್ಳಬಹುದಿತ್ತು. ಎಲ್ಲರೂ ನೋಡುತ್ತಿದ್ದರು. ಅಪ್ಪ ಅಂದ: ‘ತಮಾಸೆಗಪ್ಪ. ಕೇಳೋದ್ರಲ್ಲಿ ತಪ್ಪೇನದೆ?’

ರಫೀಕ್ ಅಂಕಲ್ ತಟ್ಟೆಯನ್ನು ಟೀವಿಯ ಮೇಲಿಟ್ಟರು. ಹೆಂಡತಿಯನ್ನೂ ಸನಾಳನ್ನೂ ಕರೆದುಕೊಂಡು ಹೊರಟುಹೋದರು. ಸನಾ ಚಪ್ಪಲಿ ಹಾಕಿಕೊಳ್ಳುತ್ತಾ ನನ್ನ ಕಡೆ ನೋಡಲಿಲ್ಲ. ಅಜ್ಜ ಮಾತ್ರ ಕೂತಲ್ಲೇ ಕೂತಿದ್ದ. ತಟ್ಟೆಯಲ್ಲಿದ್ದ ಅನ್ನವನ್ನು ಒಂದಗುಳೂ ಬಿಡದೆ ಉಂಡ. ಅಷ್ಟು ಹೊತ್ತು ಅಷ್ಟೂ ಜನ ಅವನ ಕೈ ಬಾಯಿ ನೋಡುತ್ತಿದ್ದರು. ಆಮೇಲೆ ಎದ್ದು ತಟ್ಟೆ ತೊಳೆದಿಟ್ಟು, ಅಮ್ಮನಿಗೆ ‘ಊಟ ಚಲೋ ಆಗಿತ್ತವ್ವಾ’ ಅಂದ. ಬಾಗಿಲಲ್ಲಿ ನಿಂತು ಅಪ್ಪನಿಗೆ ‘ನಮಸ್ಕಾರ್ರೀ’ ಅಂದ. ಅಪ್ಪ ಟೀವಿಯ ಮೇಲಿನ ಸಾರು ಒರೆಸುತ್ತಿದ್ದ.

ಮಾರನೇ ದಿನದಿಂದ ಎರಡು ಮನೆಗೂ ಮಾತು ನಿಂತಿತು. ಇಬ್ಬರೂ ಒಂಟಿಯಾಗಿ ಎರಡು ಕಾರಿನಲ್ಲಿ ಹೊರಟು, ಫ್ರೀವೇಯಲ್ಲಿ ತೆವಳುವವರ ಜೊತೆ ತೆವಳತೊಡಗಿದರು. ಮಾತು ಬಿಡುವುದರಲ್ಲಿ ನಮ್ಮ ಮನೆತನ ಸಾಮಾನ್ಯದ್ದಲ್ಲ, ಅದನ್ನು ನಿಮಗೆ ಹೇಳಲೇಬೇಕು. ನಮ್ಮ ತಾತನೂ ಅವನ ತಮ್ಮನೂ ಒಂದೇ ಮನೆಯಲ್ಲಿದ್ದುಕೊಂಡು ಜೀವಮಾನವಿಡೀ ಮಾತು ಬಿಟ್ಟಿದ್ದರಂತೆ. ಏನಾದರೂ ಬೇಕಾದರೆ ಕೊಟ್ಟಿಗೆಯ ಎತ್ತಿಗೆ ಹೇಳುವುದು: ‘ಬಸವಾ, ನಾಳೆ ನೀರಿನ ಸರದಿ ನಂದು ಅಂತ ಅವ್ನಿಗೆ ಹೇಳು.’ ಆ ಎತ್ತು ಸತ್ತ ದಿನ ಇಬ್ಬರೂ ಗೋಳೋ ಅಂತ ಅತ್ತರಂತೆ. ಎತ್ತಿಗೋಸ್ಕರ ಅಂತ ಊರವರು ತಿಳಿದರು. ನನ್ನ ಪ್ರಕಾರ, ಇದ್ದೊಂದು ಟೆಲಿಫೋನೂ ಹೋಯಿತಲ್ಲ ಅಂತ. ಅಂಥ ವಂಶದ ಕುಡಿ ನಮ್ಮಪ್ಪ. ಇಂಥವನ ಎದುರಿಗೆ ಗದಗಿನ ಗಾರ್ಡ್ ಎಷ್ಟು ದಿನ ನಿಂತಾನು ಅಂತ ನಾನು ತಮಾಷೆ ನೋಡಲು ಕೂತೆ.

ಮೂರನೇ ದಿನ ಸಂಜೆ ಬಾಗಿಲು ಬಡಿದ ಸದ್ದಾಯಿತು. ಮೊದಲು ಜೋರಾಗಿ ಎರಡು ಏಟು, ಆಮೇಲೆ ಮೆಲ್ಲಗೆ ಒಂದು, ತಪ್ಪು ತಿಳಿಯಬೇಡಿ ಅನ್ನುವ ಹಾಗೆ. ನಾನು ತೆಗೆದೆ. ಅಜ್ಜ ನಿಂತಿದ್ದ, ಬರಿಗೈ.

‘ಅಪ್ಪಾರು ಅದಾರೇನವ್ವಾ? ನಮಸ್ಕಾರ ಹೇಳಾಕ ಬಂದೆ.’

ಹಿಂದೆ ತಿರುಗಿ ನೋಡುತ್ತೇನೆ, ಅಪ್ಪ ಇಲ್ಲ. ಬಾತ್‌ರೂಮಿನ ಬಾಗಿಲು ಹಾಕಿತ್ತು. ಒಳಗೆ ನಲ್ಲಿ ಭೋರೆಂದು ಸುರಿಯುತ್ತಿತ್ತು. ಅಜ್ಜ ಸ್ವಲ್ಪ ಹೊತ್ತು ಕಾದು, ಆ ಸದ್ದಿಗೇ ಕೈ ಮುಗಿದು ಹೊರಟುಹೋದ.

ಮತ್ತೆ ಮೂರು ದಿನಕ್ಕೆ ಬಂದ. ಮತ್ತೆ ನಲ್ಲಿ. ಆಮೇಲೂ ಹಾಗೆಯೇ. ಅಪ್ಪನಿಗೆ ಆ ಬಡಿತದ ಗುರುತು ಎಷ್ಟು ಹತ್ತಿತ್ತೆಂದರೆ, ಮೊದಲ ಏಟಿಗೂ ಮೂರನೇ ಏಟಿಗೂ ನಡುವೆ ಸೋಫಾದಿಂದ ಬಾತ್‌ರೂಮು ಸೇರುತ್ತಿದ್ದ. ಆ ವೇಗವನ್ನು ನಮ್ಮ ಹೈಸ್ಕೂಲಿನ ಓಟದ ಕೋಚು ನೋಡಿದ್ದರೆ ಅಪ್ಪನ ದೆಸೆ ಬೇರೆಯೇ ಆಗುತ್ತಿತ್ತು. ಒಂದು ಸಲ ಅರ್ಧ ಗಡ್ಡ ಕೆರೆದುಕೊಂಡು ಸುದ್ದಿ ನೋಡಲು ಹೊರಗೆ ಬಂದಿದ್ದವನು, ವಾಪಸು ಓಡಿದ ರಭಸಕ್ಕೆ ಸೋಪಿನ ನೊರೆ ಗೋಡೆಯ ಮೇಲಿನ ಕ್ಯಾಲೆಂಡರಿನ ಲಕ್ಷ್ಮಿಗೆ ಮೀಸೆಯಾಗಿ ಕೂತಿತ್ತು.

ಇನ್ನೊಂದು ಸಲ ಅಜ್ಜ ಬರಿಗೈಯಲ್ಲಿ ಬರಲಿಲ್ಲ. ಓಂಕಾಳಿನ ಒಂದು ಪೊಟ್ಟಣ ಅಮ್ಮನ ಕೈಗೆ ಕೊಟ್ಟು, ದನಿ ತಗ್ಗಿಸಿ, ‘ಸರ್‌ಗ ಹೊಟ್ಟಿ ಭಾಳ ದಿವ್ಸದಿಂದ ಸರಿ ಇದ್ದಂಗಿಲ್ಲವ್ವಾ. ಅಜವಾನ ಐತಿ. ಬಿಸಿನೀರಾಗ ಕೊಡ್ರಿ’ ಅಂದ. ಅವನ ಮುಖದಲ್ಲಿ ತುಂಟತನವಿತ್ತೋ ನಿಜವಾದ ಕಾಳಜಿಯೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ. ಅಮ್ಮ ಪೊಟ್ಟಣ ಹಿಡಿದುಕೊಂಡು ಬಾತ್‌ರೂಮಿನ ಬಾಗಿಲಿಗೆ ಕೇಳುವ ಹಾಗೆ ಅಂದಳು: ‘ಹೊಟ್ಟೆದಲ್ಲ ಅಜ್ಜಾರೇ. ಬಾಯಿದು.’

ನನಗೆ ಅಜ್ಜನನ್ನು ಕೇಳದಿದ್ದರೆ ಆಗುತ್ತಿರಲಿಲ್ಲ. ಸನಾ ನನ್ನ ಜೊತೆ ಶಾಲೆಯಲ್ಲಿ ಮಾತ್ರ ಮಾತಾಡುತ್ತಿದ್ದಳು, ಅದೂ ಮನೆಕೆಲಸದ ಬಗ್ಗೆ. ಹಾಗಾಗಿ ಒಂದು ಸಂಜೆ ಒಬ್ಬಳೇ ಸ್ಟೇಷನ್ನಿಗೆ ಹೋದೆ. ಅಜ್ಜ ಬೆಂಚಿನ ಮೇಲೆ ಕೂತಿದ್ದ.

‘ಅಜ್ಜ, ಜಗಳ ಆಡಿದ್ದು ನೀವಲ್ಲ. ತಪ್ಪು ಮಾಡಿದ್ದೂ ನೀವಲ್ಲ. ಮತ್ತೆ ನೀವ್ಯಾಕೆ ಬರ್ತೀರ?’

‘ನನ್ನ ಮಗ ಬರಂಗಿಲ್ಲಲಾ. ಅದಕ.’

‘ನಮ್ಮಪ್ಪ ಬರ್ಬೇಕು. ನಿಮ್ಮ ಮಗ ಅಲ್ಲ.’

‘ಖರೇನ ಐತಿ. ಬರಬೇಕಾದವ್ರು ಬರೂತನಕ ಬಾಗಿಲಾ ಹಂಗ ಬಿಡಾಕ ಬರ್ತೈತೇನು? ತುಕ್ಕು ಹಿಡೀತೈತಿ.’ ಅಜ್ಜ ಸ್ನೀಕರಿನ ದಾರ ಬಿಚ್ಚಿ ಮತ್ತೆ ಕಟ್ಟಿದ. ‘ನಮ್ಮಾಗ ಒಂದ್ ಮಾತೈತವ್ವಾ. ಮೂರ ದಿವ್ಸದ ಮ್ಯಾಲ ಯಾರ ಜೋಡಿನೂ ಮುನಿಸ್ಕೊಂಡಿರಬಾರದು. ಯಾರು ಮೊದಲ ಸಲಾಮ್ ಮಾಡ್ತಾನ, ಅಂವ ಚಲೋ ಮನಷ್ಯಾ.’

ನಾನು ಭಾಷಣ ಸ್ಪರ್ಧೆಯವಳು, ಬಿಡುತ್ತೇನೆಯೇ? ‘ಅದು ನಿಮ್ಮ ನಿಮ್ಮೊಳಗೆ ತಾನೇ? ನಮ್ಮಪ್ಪ ಮುಸ್ಲಿಮಲ್ವಲ್ಲ.’

‘ಹಂಗೂ ಹೇಳ್ತಾರ ತಿಳದವ್ರು. ನಾ ಅಷ್ಟು ಓದಿಲ್ಲ. ಆದ್ರ ನಮ್ಮ ಓಣ್ಯಾಗ ಹೆಸರು ಕೇಳಿ ಸಲಾಮ್ ಮಾಡೂ ರೂಢಿ ಇರಲಿಲ್ಲ. ನಾಳೆ ಅಲ್ಲಾನ ಮುಂದ ನಿಂತಾಗ, ಮುನಿಸ್ಕೊಂಡಾಂವ ಯಾವ ಜಾತ್ಯಾಂವ ಇದ್ದಾ ಅಂತ ಕೇಳ್ತಾನೋ, ನೀ ಯಾಕ ಸುಮ್ಮ ಕುಂತಿ ಅಂತ ಕೇಳ್ತಾನೋ?’

‘ನಿಮಗೆ ನಮ್ಮಪ್ಪನ ಮೇಲೆ ಕೋಪ ಇಲ್ವಾ?’

ಅಜ್ಜ ನನ್ನನ್ನು ಪೂರ್ತಿ ತಿರುಗಿ ನೋಡಿದ. ‘ಇಲ್ದ ಏನು? ಅವತ್ತ ಆ ಅನ್ನ ಹೆಂಗ ನುಂಗೀನಿ, ನನಗ ಗೊತ್ತು. ನಿಮ್ಮಪ್ಪ ನನಗ ಒಟ್ಟ ಸೇರಂಗಿಲ್ಲವ್ವಾ. ಸೇರಿದವ್ರ ಮನಿಗೆ ಹೋಗಾಕ ದೇವರು ಯಾಕ ಬೇಕು?’

ಅಷ್ಟರಲ್ಲಿ ರೈಲು ಬಂತು. ಅಜ್ಜ ಎದ್ದು ಕೈ ಎತ್ತಿದ.

ಮನೆಯಲ್ಲಿ ಅವನಿಗೆ ಏನು ಕಾದಿರುತ್ತಿತ್ತು ಅನ್ನುವುದು ಸನಾಳಿಂದ ಆಮೇಲೆ ತಿಳಿಯಿತು. ‘ಡ್ಯಾಡ್ ಈಸ್ ಸೋ ಮ್ಯಾಡ್ ಅಟ್ ಹಿಮ್. ನಮ್ಮ ಮರ್ಯಾದೆ ತೆಗೀತಿದ್ದೀ ಅಂತಾರೆ. ಟಾಕೇ ಮಾಡಲ್ಲ’ ಅಂದಳು. ಅಂದರೆ ಅಜ್ಜ ನಮ್ಮ ಮನೆಗೆ ಬಂದು ನಲ್ಲಿಗೆ ನಮಸ್ಕಾರ ಮಾಡಿ, ವಾಪಸು ಹೋಗಿ, ಮುಖ ತಿರುಗಿಸಿಕೊಂಡ ಮಗನಿಗೆ ಸಲಾಮು ಹೇಳುತ್ತಿದ್ದ. ಎರಡೂ ಕಡೆ ಡಬಲ್ ಡ್ಯೂಟಿ, ಎರಡೂ ಕಡೆ ಸಂಬಳವಿಲ್ಲ.

ಅವನ ವೀಸಾ ಮುಗಿಯಿತು. ಹೊರಡುವ ಹಿಂದಿನ ದಿನ ಬಂದ. ಅಪ್ಪ ಯಥಾಪ್ರಕಾರ ಒಳಗೆ. ಅವತ್ತು ಅಜ್ಜ ಸ್ನೀಕರು ಕಳಚಿಟ್ಟು ಒಳಗೆ ಬಂದು, ಬಾತ್‌ರೂಮಿನ ಬಾಗಿಲಿನ ಹತ್ತಿರವೇ ನಿಂತ.

‘ಸರ, ನಾಳೆ ಹೊಂಟೀನ್ರಿ. ಮತ್ತ ಬರೂದು ಆಗೂದಿಲ್ಲ. ನನ್ನಿಂದ ಏನರ ತಪ್ಪಾಗಿದ್ರ ಮಾಫ್ ಮಾಡ್ರಿ. ನಮಸ್ಕಾರ.’

ಒಳಗೆ ಅಪ್ಪ ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದ. ಅಮ್ಮ ಅಡುಗೆಮನೆಯಲ್ಲಿ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟಳು. ನನಗೆ ಬಾಗಿಲು ಒದೆಯಬೇಕೆನಿಸಿತು. ಅಜ್ಜ ನನ್ನ ತಲೆಯ ಮೇಲೆ ಕೈಯಿಟ್ಟು ನಕ್ಕ. ‘ಸಿಟ್ಟಿಗೇಳಬ್ಯಾಡ. ಜೋರ ಬಿಟ್ಟಾರಂದ್ರ ಚಲೋ ಕೇಳಿಸೇತಿ ಅಂತ ತಿಳ್ಕೊ.’

ಹೋದ. ಅವನ ತಲೆಯೆಣ್ಣೆಯ ವಾಸನೆ ಸ್ವಲ್ಪ ಹೊತ್ತು ಇತ್ತು. ಅಪ್ಪ ಹೊರಗೆ ಬಂದಾಗ ಅದೂ ಇರಲಿಲ್ಲ. ನಲ್ಲಿ ಸೋರಲು ಶುರುವಾದದ್ದು ಆಗಲೇ. ಎಷ್ಟು ಬಿಗಿದರೂ ತೊಟ್ಟಿಕ್ಕುತ್ತಿತ್ತು.

ಚಳಿಗಾಲದಲ್ಲಿ ಒಂದು ದಿನ ಶಾಲೆಯ ಲಾಕರಿನ ಹತ್ತಿರ ಸನಾ ಬಂದು ನಿಂತಳು. ಮನೆಕೆಲಸದ ಬಗ್ಗೆ ಇರಬೇಕು ಅಂದುಕೊಂಡೆ. ‘ಅಜ್ಜ ಡೈಡ್’ ಅಂದಳು. ಗದಗಿನಲ್ಲಿ, ಬೆಳಗಿನ ನಮಾಜಿಗೆ ಕೈಕಾಲು ತೊಳೆಯುವಾಗ ಕುಸಿದು ಬಿದ್ದನಂತೆ. ನಾನು ಅವಳ ಬ್ಯಾಗು ಹಿಡಿದುಕೊಂಡೆ. ಅವಳು ಅತ್ತಳು.

ಮನೆಗೆ ಬಂದು ಹೇಳಿದೆ. ಅಪ್ಪ ‘ಯಾವತ್ತು?’ ಅಂದ. ಮಾರನೇ ದಿನ ಬೆಳಿಗ್ಗೆ ಅಪ್ಪ ಕಪಾಟಿನ ದೇವರ ಮುಂದೆ ಊದುಬತ್ತಿ ಹಿಡಿದು ನಿಂತವನು, ಅದು ಬೂದಿಯಾಗಿ ಬೆರಳು ಸುಡುವವರೆಗೂ ನಿಂತೇ ಇದ್ದ. ಅಮ್ಮ ‘ಏನ್ರೀ’ ಅಂದಳು.

‘ದೇವ್ರ ಮುಂದೆ ನಿಂತ್ರೆ ಮಂತ್ರ ಬರ್ತಿಲ್ಲ ಕಣೇ. ನಲ್ಲಿ ಸದ್ದೇ ಕೇಳ್ತದೆ.’

ಸಂಜೆ ಅಪ್ಪ ಎದುರು ಮನೆಯ ಬಾಗಿಲು ಬಡಿದ. ರಫೀಕ್ ಅಂಕಲ್ ತೆಗೆದರು. ಅಪ್ಪ ಬಾಯಿ ತೆಗೆದ, ನಮ್ಮ ವಂಶದ ಅಷ್ಟೂ ಮೌನ ಅಡ್ಡ ಬಂದು ನಿಂತಿತು. ಕೊನೆಗೆ ‘ನಮಸ್ಕಾರ’ ಅನ್ನುವುದೊಂದೇ ಹೊರಬಿತ್ತು. ರಫೀಕ್ ಅಂಕಲ್ ಅಪ್ಪನನ್ನು ನೋಡಿ, ಬಾಗಿಲನ್ನು ಮೆಲ್ಲಗೆ ಮುಚ್ಚಿದರು. ಬಡಿದು ಮುಚ್ಚಿದ್ದರೆ ಅಪ್ಪನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಜ್ಜ ಸ್ಟೇಷನ್ನಿನಲ್ಲಿ ಹೇಳಿದ್ದನ್ನು ಅವತ್ತು ರಾತ್ರಿ ಊಟದ ಹೊತ್ತಿಗೆ ನಾನು ಅಪ್ಪನಿಗೆ ಹೇಳಿದೆ. ಪೂರ್ತಿ ಹೇಳಿದೆ, ‘ನಿಮ್ಮಪ್ಪ ನನಗ ಒಟ್ಟ ಸೇರಂಗಿಲ್ಲ’ ಅನ್ನುವುದನ್ನೂ ಸೇರಿಸಿ. ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. ಮೂರು ದಿನ ಬಿಟ್ಟು ಮತ್ತೆ ಎದುರು ಮನೆಗೆ ಹೋದ.

ಅವತ್ತಿನಿಂದ ಹೋಗುತ್ತಲೇ ಇದ್ದಾನೆ. ಜ್ವರ ಬಂದಾಗ ಕಂಬಳಿ ಹೊದ್ದು ಹೋಗಿದ್ದಾನೆ. ದೀಪಾವಳಿಗೂ ಹೋಗಿದ್ದಾನೆ, ಈದಿಗೂ ಹೋಗಿದ್ದಾನೆ. ಬಾಗಿಲು ತೆರೆಯಲಿಲ್ಲ. ಬಾಗಿಲಿನ ಪಕ್ಕಕ್ಕೇ ಅವರ ಬಾತ್‌ರೂಮಿನ ಸಣ್ಣ ಕಿಟಕಿಯಿದೆ. ಅಪ್ಪ ಬಡಿದ ಕೂಡಲೇ ಆ ಕಿಟಕಿಯಿಂದ ನೀರಿನ ಸದ್ದು ಬರುತ್ತದೆ. ಸನಾ ಒಂದು ದಿನ ನನಗೆ ಹೇಳಿದಳು, ನಗಬೇಕೋ ಬೇಡವೋ ಅನ್ನುವ ಮುಖದಲ್ಲಿ: ‘ಯುವರ್ ಡ್ಯಾಡ್ ನಾಕ್ಸ್, ಮೈ ಡ್ಯಾಡ್ ರನ್ಸ್. ಸೇಮ್ ಥಿಂಗು ಕಣೇ.’ ಇಬ್ಬರೂ ನಕ್ಕೆವು. ಆಮೇಲೆ ನಗು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ.

ಪರದೆ ಕಂಪನಿ ಈ ವರ್ಷ ಬಾಗಿಲು ಹಾಕಿತು. ನಮ್ಮ ಟೀ ಶರ್ಟುಗಳು ಈಗ ನೆಲ ಒರೆಸುತ್ತಿವೆ. ಬೇರೆ ಕೆಲಸ ಸಿಗಲಿಲ್ಲ. ರಫೀಕ್ ಅಂಕಲ್ಲರ ಮನೆಯವರೆಲ್ಲ ನಾಳೆ ಬೆಂಗಳೂರಿಗೆ ಹೊರಡುತ್ತಾರೆ. ಪ್ಲಂಬರ್ ಹೇಳಿದ ‘ಖಾಲಿ ಮಾಡ್ತಿದ್ದಾರಲ್ಲ’ ಅನ್ನುವುದರ ಅರ್ಥ ಇದು.

ಅಪ್ಪ ನಿನ್ನೆ ತಾನೇ ಹೋಗಿ ಬಂದಿದ್ದ. ಲೆಕ್ಕದ ಪ್ರಕಾರ ಇವತ್ತು ಹೋಗಬೇಕಾಗಿರಲಿಲ್ಲ. ಆದರೂ ಸಂಜೆ ಎದ್ದ, ಅಂಗಿ ಬದಲಾಯಿಸಿದ. ನಾನು ಬಟ್ಟೆ ಒಗೆಯುವ ರೂಮಿನ ಮೂಲೆಯಲ್ಲಿ ನಿಂತು ನೋಡಿದೆ. ಇಂಥದ್ದನ್ನು ತಪ್ಪಿಸಿಕೊಳ್ಳುವ ಹುಡುಗಿ ನಾನಲ್ಲ.

ಅಪ್ಪ ಬಡಿದ. ಜೋರಾಗಿ ಎರಡು, ಮೆಲ್ಲಗೆ ಒಂದು. ಆ ಬಡಿತವನ್ನು ಅವನು ಯಾವಾಗ ಕಲಿತನೋ. ಕಿಟಕಿಯೊಳಗೆ ನೀರು ಭೋರೆಂದಿತು.

‘ನಮಸ್ಕಾರ ರಫೀಕು.’

ಯಾವಾಗಲೂ ಇಷ್ಟು ಹೇಳಿ ತಿರುಗುತ್ತಿದ್ದ. ಇವತ್ತು ತಿರುಗಲಿಲ್ಲ. ಕಿಟಕಿಯ ಕಡೆಗೆ ಒಂದು ಹೆಜ್ಜೆ ಸರಿದು ನಿಂತ.

‘ತಮಾಸೆ ಅಂದೆ ಅವತ್ತು. ತಮಾಸೆ ಅಲ್ಲ ಅದು. ನೀನು ತಟ್ಟೆ ಹಿಡ್ಕಂಡು ನಮ್ಮನೇಲಿ ಉಣ್ತಿದ್ದೆ, ನಾನು ಆ ಮಾತು ಕೇಳ್ದೆ. ಕೇಳ್ಬಾರ್ದಾಗಿತ್ತು. ನಿಮ್ಮಪ್ಪಾರು ಬಾಗ್ಲಲ್ಲಿ ನಿಂತು ಮಾತಾಡ್ದಾಗ್ಲೆಲ್ಲ ನಂಗೆ ಕೇಳ್ತಿತ್ತು ಕಣೋ. ನೀರು ಎಷ್ಟು ಜೋರಾಗಿ ಬಿಟ್ರೂ ಕೇಳ್ತಿತ್ತು.’

ನಲ್ಲಿ ನಿಂತಿತು.

ಹೊಸ ವಾಷರು. ಒಂದು ತೊಟ್ಟೂ ಬೀಳಲಿಲ್ಲ. ಕಿಟಕಿಯ ಆಚೆ ಒಬ್ಬರು ನಿಂತಿದ್ದಾರೆ, ಈಚೆ ಒಬ್ಬರು. ನಡುವೆ ಸೊಳ್ಳೆ ಪರದೆ. ಬಾಗಿಲು ತೆರೆಯುತ್ತದೆ ಅಂತ ನಾನು ಕಾದೆ. ತೆರೆಯಲಿಲ್ಲ. ಅಪ್ಪ ಆ ನಿಶ್ಶಬ್ದದಲ್ಲಿ ಬಹಳ ಹೊತ್ತು, ಅದು ಮೈಮೇಲೆ ಬೀಳಲಿ ಅನ್ನುವ ಹಾಗೆ ನಿಂತ. ಆಮೇಲೆ ‘ಉಷಾರಾಗಿ ಹೋಗ್ಬನ್ನಿ’ ಅಂತ ಮೆಲ್ಲಗೆ ಅಂದು ತಿರುಗಿದ.

ಮೂಲೆಯಲ್ಲಿ ನನ್ನನ್ನು ಕಂಡರೂ ಬೈಯಲಿಲ್ಲ. ‘ನಿಲ್ಲಿಸ್ದ ಕಣವ್ವ’ ಅಂದ. ಏನಾದರೂ ಒಂದು ತಮಾಷೆ ಮಾಡೋಣ ಅಂತ ಹುಡುಕಿದೆ. ಎತ್ತು, ಮೀಸೆಯ ಲಕ್ಷ್ಮಿ, ಅಜವಾನ, ಎಲ್ಲವನ್ನೂ ತಡವಿದೆ. ಒಂದೂ ಕೈಗೆ ಬರಲಿಲ್ಲ.

ಅಪ್ಪ ಮನೆಗೆ ಬಂದು ಮುಖ ತೊಳೆಯಲು ಬಾತ್‌ರೂಮಿಗೆ ಹೋದ. ಬಾಗಿಲು ಹಾಕಿಕೊಳ್ಳಲಿಲ್ಲ.